ಕೆಲಸ ನಿಂತಿದೆಯೋ, ಮುಗಿದಿದೆಯೋ? ಮೊದಲು ಅದನ್ನು ತಿಳ್ಕೊಳ್ಳಿ

ಮಾಲೂರಿನ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ನಾನು ಹಾಜರಿ, ಓಟಿ (ಹೆಚ್ಚುವರಿ ಹೊತ್ತಿನ ದುಡಿಮೆ), ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ವಿಮೆ) ಲೆಕ್ಕ ನೋಡಿಕೊಳ್ಳುತ್ತಿದ್ದೆ. ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಓಡಾಟ. ಈಗ ಬಂಗಾರಪೇಟೆಯಲ್ಲೇ ಮನೆಯ ಮುಂದಿನ ರೂಮಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಜನರ ಪಿಎಫ್ ಕಾಗದ ಸರಿ ಮಾಡಿಕೊಡುತ್ತೇನೆ. ಬೀದಿಯವರು 'ಪಿಎಫ್ ಅಕ್ಕ' ಅಂತಲೇ ಕರೆಯುತ್ತಾರೆ.

ಕೊರೊನಾ ಬಂದಾಗ ನಮ್ಮ ಕಾರ್ಖಾನೆಯಲ್ಲಿ ಯಾರನ್ನು ಬಿಡಬೇಕು ಅನ್ನೋ ಪಟ್ಟಿ ಟೈಪ್ ಮಾಡಿದವಳು ನಾನು. ಕೆಲವು ತಿಂಗಳಾದ ಮೇಲೆ ಯಾರನ್ನು ವಾಪಸ್ ಕರೆಯಬೇಕು ಅನ್ನೋ ಪಟ್ಟಿಯನ್ನೂ ನಾನೇ ಟೈಪ್ ಮಾಡಿದೆ. ಎರಡು ಪಟ್ಟಿಯಲ್ಲೂ ಹೆಸರುಗಳು ಬಂದ ಕ್ರಮ ಬೇರೆ ಬೇರೆ. ಚೆನ್ನಾಗಿ ಕೆಲಸ ಮಾಡುತ್ತಿದ್ದವರು ಎಷ್ಟೋ ಜನ ಎರಡನೇ ಪಟ್ಟಿಗೆ ಬರಲೇ ಇಲ್ಲ. ಅದಕ್ಕೆ ಕಾರಣ ಅವರ ಕೈಗೆಲಸ ಅಲ್ಲ. ಕಾಗದ, ಫೋನು, ಮನೆಯಿಂದ ಗೇಟಿಗೆ ಇರುವ ದೂರ, ಇಂಥವು. ಇನ್ನೊಂದು ಸಲ ಒಂದೇ ರಾತ್ರಿಗೆ ಗೇಟು ಮುಚ್ಚಿದರೆ ಏನು ಮಾಡಬೇಕು ಅಂತ ಟೈಮ್ ಆಫೀಸಿನ ಕುರ್ಚಿಯಿಂದ ಕಂಡಷ್ಟನ್ನು ಇಲ್ಲಿ ಹೇಳುತ್ತೇನೆ.

ಗಾಬರಿ ಆಮೇಲೆ, ಪ್ರಶ್ನೆ ಮೊದಲು

2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಲಾಕ್‌ಡೌನ್ ಅಂತ ಘೋಷಣೆ ಆಯಿತು. ಆಗ ನಮ್ಮ ಕೋಲಾರ ಜಿಲ್ಲೆಯಲ್ಲಿ ಕಾಯಿಲೆಯೇ ಇರಲಿಲ್ಲ. ಮೇ ತಿಂಗಳ ಮೊದಲ ವಾರದವರೆಗೂ ನಮ್ಮದು ಹಸಿರು ವಲಯ. ಆದರೂ ಕೆಲಸ ಹೋಯಿತು ನೋಡಿ. ಯಾಕೆ? ನಮ್ಮ ಅನ್ನ ನಮ್ಮ ಊರಲ್ಲಿ ಹುಟ್ಟುವುದಿಲ್ಲ. ಮಾಲೂರು, ನರಸಾಪುರ, ವೇಮಗಲ್‌ನಲ್ಲಿ ತಯಾರಾಗುವ ಬಿಡಿಭಾಗ ಇನ್ನೆಲ್ಲೋ ಗಾಡಿಗೆ ಜೋಡಣೆ ಆಗಬೇಕು. ಆ ಗಾಡಿಯನ್ನು ಇನ್ಯಾರೋ ಕೊಳ್ಳಬೇಕು. ಬಂಗಾರಪೇಟೆ, ಕೆಜಿಎಫ್‌ನಿಂದ ಬೆಂಗಳೂರಿಗೆ ಹೋಗಿ ದುಡಿಯುವವರಿಗೆ ರೈಲು ಓಡಬೇಕು. ಕಾಯಿಲೆ ನಿಮ್ಮ ಬೀದಿಗೆ ಬರದಿದ್ದರೂ ಅದರ ಬಿಲ್ಲು ನಿಮ್ಮ ಮನೆಗೆ ಬರುತ್ತೆ.

ಆದ್ದರಿಂದ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ 'ಊರಲ್ಲಿ ಕೇಸ್ ಎಷ್ಟು' ಅನ್ನೋದಲ್ಲ. ನನ್ನ ಕೆಲಸ ನಿಂತಿದೆಯೋ, ಮುಗಿದೇ ಹೋಗಿದೆಯೋ? ನಿಂತಿದ್ದರೆ ಹಿಡಿದುಕೊಂಡು ಕಾಯಬೇಕು. ಮುಗಿದಿದ್ದರೆ ತಡಮಾಡದೆ ಬಿಟ್ಟು ಹೊರಡಬೇಕು. ಎರಡಕ್ಕೂ ಮಾಡಬೇಕಾದ ಕೆಲಸ ತದ್ವಿರುದ್ಧ.

ಕೆಜಿಎಫ್‌ನವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿತು. ಮತ್ತೆ ತೆರೆಯುತ್ತಾರೆ ಅನ್ನೋ ಮಾತು ಆವತ್ತಿನಿಂದ ಇವತ್ತಿನವರೆಗೂ ಇದೆ. ಆ ಮಾತು ನಂಬಿ ಕೂತವರು ಕೂತೇ ಇದ್ದರು. ಬೇಗ ರೈಲು ಹತ್ತಿ ಬೆಂಗಳೂರಿನ ಕಡೆ ಹೋದವರ ಮನೆಯಲ್ಲಿ ಒಲೆ ಉರಿಯಿತು. 2020ರಲ್ಲಿ ಆದದ್ದು ಹೆಚ್ಚಿನವರ ಪಾಲಿಗೆ ಇದರ ಉಲ್ಟಾ. ಕೆಲಸ ಬರೀ ನಿಂತಿತ್ತು. ಆದರೆ ಎಷ್ಟೋ ಜನ ಮುಗಿದೇ ಹೋಯಿತು ಅಂದುಕೊಂಡು ರಾಜೀನಾಮೆ ಬರೆದು, ಪಿಎಫ್ ಪೂರ್ತಿ ತೆಗೆದು, ಸಿಮ್ ಬಿಸಾಕಿ ಊರು ಸೇರಿದರು.

ಹೇಗೆ ಗುರುತಿಸೋದು? ಮ್ಯಾನೇಜರ್ ಮಾತನ್ನು ನಂಬಬೇಡಿ, ಸುಮ್ನೆ ಕಣ್ಣಿಗೆ ಕಾಣುವುದನ್ನು ನೋಡಿ. ಮೆಷಿನ್‌ಗಳಿಗೆ ಎಣ್ಣೆ ಹಾಕಿ ಓಡಿಸಿ ನಿಲ್ಲಿಸಲು ಮೆಯಿಂಟೆನೆನ್ಸ್‌ನವರು ವಾರಕ್ಕೊಮ್ಮೆಯಾದರೂ ಬರುತ್ತಿದ್ದಾರಾ? ಗೋಡೌನ್‌ನಲ್ಲಿ ಕಚ್ಚಾ ಮಾಲು ಹಾಗೇ ಇದೆಯಾ? ಹಾಗಿದ್ದರೆ ಕೆಲಸ ನಿಂತಿದೆ ಅಷ್ಟೇ. ಮೆಷಿನ್ ಲಾರಿ ಹತ್ತುತ್ತಿದೆ, ಸೆಕ್ಯುರಿಟಿಯವರನ್ನು ಮೂರರಿಂದ ಒಂದಕ್ಕೆ ಇಳಿಸಿದ್ದಾರೆ, ಆಫೀಸ್ ಸ್ಟಾಫಿಗೂ ಒಟ್ಟಿಗೇ ಫುಲ್ ಅಂಡ್ ಫೈನಲ್ (ಬಾಕಿಯೆಲ್ಲ ಚುಕ್ತಾ) ಕೊಡುತ್ತಿದ್ದಾರೆ ಅಂದರೆ ಅದು ಮುಗಿದ ಲಕ್ಷಣ.

ಇನ್ನೊಂದು ಗುರುತು ನಿಮ್ಮ ಮೊಬೈಲಿನಲ್ಲೇ ಇದೆ. ಒಂದು ತಿಂಗಳ ಪಿಎಫ್ ಹಣವನ್ನು ಕಂಪನಿ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆಗೆದು ನೋಡಿ. ಸಂಬಳ ಅರ್ಧ ಆಗಿದ್ದರೂ ಪಿಎಫ್ ಬೀಳುತ್ತಿದ್ದರೆ ನಿಮ್ಮ ಹೆಸರು ಇನ್ನೂ ರೋಲ್‌ನಲ್ಲಿ, ಅಂದರೆ ಕಂಪನಿಯ ನೌಕರರ ಪಟ್ಟಿಯಲ್ಲಿ, ಇದೆ. ಎರಡು ತಿಂಗಳು ಏನೂ ಬಿದ್ದಿಲ್ಲ ಅಂದರೆ ನೇರವಾಗಿ ಫೋನ್ ಮಾಡಿ ಕೇಳುವ ಹೊತ್ತು ಬಂತು ಅಂತ ಅರ್ಥ.

ಸಹಿ ಹಾಕುವ ಮೊದಲು ಓದಿ

ಆ ದಿನಗಳಲ್ಲಿ ಅತಿ ಹೆಚ್ಚು ಜನರನ್ನು ಹಾಳು ಮಾಡಿದ ಕಾಗದ ರಾಜೀನಾಮೆ ಪತ್ರ. 'ಒಂದು ಸಹಿ ಹಾಕಿಬಿಡಮ್ಮ, ಬಾಕಿ ಬೇಗ ಕ್ಲಿಯರ್ ಮಾಡ್ತೀವಿ, ಶುರುವಾದ ತಕ್ಷಣ ಕರೀತೀವಿ' ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಟೈಪ್ ಆದ ನಾಲ್ಕು ಸಾಲು. ಅದರಲ್ಲಿ 'ವೈಯಕ್ತಿಕ ಕಾರಣಕ್ಕೆ ಕೆಲಸ ಬಿಡುತ್ತಿದ್ದೇನೆ' ಅಂತ ಇರುತ್ತೆ.

ಕಂಪನಿಯೇ ನಿಮ್ಮನ್ನು ತೆಗೆದರೆ, ಅಲ್ಲಿ ವರ್ಷಕ್ಕೆ 240 ದಿನ ದುಡಿದವರಿಗೆ ಕನಿಷ್ಠ ಒಂದು ತಿಂಗಳ ನೋಟಿಸ್ ಅಥವಾ ಒಂದು ತಿಂಗಳ ಸಂಬಳ, ಜೊತೆಗೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ ಬರಬೇಕು. ನೀವೇ ಬಿಟ್ಟಿದ್ದೀರಿ ಅಂತ ಬರೆದುಕೊಟ್ಟರೆ ಅದು ಹೋಯಿತು. ಇಎಸ್‌ಐನ ನಿರುದ್ಯೋಗ ಭತ್ಯೆ ಕೇಳುವಾಗಲೂ ಕೆಲಸ ಯಾಕೆ ಹೋಯಿತು ಅಂತ ನೋಡುತ್ತಾರೆ. ಐದು ವರ್ಷ ದಾಟಿದವರ ಗ್ರಾಚುಯಿಟಿ ಮಾತ್ರ ರಾಜೀನಾಮೆ ಕೊಟ್ಟರೂ ಸಿಗುತ್ತೆ.

ಹಾಗಾದರೆ ಏನು ಬರೆದುಕೊಡೋದು? 'ಸಂಬಳ ಇಲ್ಲದ ರಜೆ' ಅಂತ ಬರೆದುಕೊಡಿ. ಲೇ ಆಫ್, ಅಂದರೆ ಕೆಲಸ ಕೊಡಲಾಗದೆ ಸ್ವಲ್ಪ ದಿನ ಕೂರಿಸಿದ್ದೇವೆ, ಅಂತ ಕಂಪನಿಯೇ ಕಾಗದ ಕೊಟ್ಟರೆ ಇನ್ನೂ ಒಳ್ಳೆಯದು. 50 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಾರ್ಖಾನೆಯಲ್ಲಿ, ಒಂದು ವರ್ಷ ಪೂರೈಸಿದ ಕಾರ್ಮಿಕರಿಗೆ ಲೇ ಆಫ್ ದಿನಗಳಿಗೆ ಮೂಲ ವೇತನ ಮತ್ತು ಡಿಎಯ (ತುಟ್ಟಿಭತ್ಯೆಯ) ಅರ್ಧ ಕೊಡಬೇಕು ಅಂತ ಕಾನೂನು. ಕ್ಯಾಶುವಲ್‌ನವರಿಗೆ, ಬದಲಿಯವರಿಗೆ ಇದು ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ವಾ.

ಸರ್ಕಾರ ಪೂರ್ತಿ ಸಂಬಳ ಕೊಡಿಸುತ್ತೆ ಅಂತ ನೆಚ್ಚಿಕೊಳ್ಳಬೇಡಿ. 2020ರ ಮಾರ್ಚ್ 29ಕ್ಕೆ ಕೇಂದ್ರ ಗೃಹ ಇಲಾಖೆ ಲಾಕ್‌ಡೌನ್ ದಿನಗಳಿಗೆ ಸಂಬಳ ಕಡಿತ ಮಾಡಬಾರದು ಅಂತ ಆದೇಶ ಹೊರಡಿಸಿತು. ಮೇ 18ರಿಂದ ಆ ಆದೇಶವೇ ಇಲ್ಲ. ಜೂನ್ 12ರಂದು ಸುಪ್ರೀಂ ಕೋರ್ಟ್, ಮಾಲೀಕರೂ ಕಾರ್ಮಿಕರೂ ಕೂತು ಮಾತಾಡಿ ಬಗೆಹರಿಸಿಕೊಳ್ಳಿ ಅಂದಿತು. ಮಾತಾಡುವುದಕ್ಕೆ ಕೈಯಲ್ಲಿ ಕಾಗದ ಇರಬೇಕು. ಪೇ ಸ್ಲಿಪ್, ಅಪಾಯಿಂಟ್‌ಮೆಂಟ್ ಆರ್ಡರ್, ಐಡಿ ಕಾರ್ಡ್, ಮೂರನ್ನೂ ಇವತ್ತೇ ಫೋಟೊ ತೆಗೆದು ನಿಮ್ಮದೇ ವಾಟ್ಸಾಪ್‌ಗೆ ಕಳಿಸಿಕೊಳ್ಳಿ. ಗೇಟು ಮುಚ್ಚಿದ ಮೇಲೆ ಐಡಿ ಕಾರ್ಡ್ ಕಸಿದುಕೊಂಡು ಕಳಿಸಿದ್ದನ್ನು ನೋಡಿದ್ದೇನೆ.

ಪಿಎಫ್: ತೆಗೆಯಿರಿ, ಆದರೆ ಪೂರ್ತಿ ಬಳಿಯಬೇಡಿ

ನನ್ನ ರೂಮಿಗೆ ಬರುವ ಹತ್ತು ಜನರಲ್ಲಿ ಎಂಟು ಜನ ಇದಕ್ಕೇ ಬರುತ್ತಾರೆ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

2020ರ ಮಾರ್ಚ್ 28ಕ್ಕೆ ಕೋವಿಡ್ ಅಡ್ವಾನ್ಸ್ ಅಂತ ಹೊಸ ಸೌಲಭ್ಯ ಬಂತು. ಮೂರು ತಿಂಗಳ ಮೂಲ ವೇತನ ಮತ್ತು ಡಿಎ, ಇಲ್ಲವೇ ಖಾತೆಯಲ್ಲಿರುವ ಹಣದ ಶೇ. 75, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ತೆಗೆಯಬಹುದು. ವಾಪಸ್ ಕಟ್ಟಬೇಕಿಲ್ಲ. ಕೆಲಸ ಬಿಟ್ಟಿರಲೇಬೇಕು ಅಂತಲೂ ಇರಲಿಲ್ಲ. ಎರಡನೇ ಅಲೆಯಲ್ಲಿ ಇನ್ನೊಂದು ಸಲ ತೆಗೆಯಲು ಬಿಟ್ಟರು. 2024ರಲ್ಲಿ ಆ ಸೌಲಭ್ಯ ನಿಲ್ಲಿಸಿದರು. ಈಗಲೂ ಕೆಲಸ ಹೋದವರು ದೊಡ್ಡ ಪಾಲು ತೆಗೆಯಬಹುದು. ಎಷ್ಟು, ಯಾವಾಗ ಅನ್ನೋ ನಿಯಮ ಆಗಾಗ ಬದಲಾಗುತ್ತೆ. ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲಿ ಏನಿದೆಯೋ ಅದೇ ನಿಜ, ಪಕ್ಕದ ಮನೆಯವರು ಹೋದ ವರ್ಷ ತೆಗೆದ ಕಥೆ ಲೆಕ್ಕಕ್ಕಿಲ್ಲ.

ಹಣ ಸಿಗದೆ ಒದ್ದಾಡಿದವರಲ್ಲಿ ಹೆಚ್ಚಿನವರಿಗೆ ಕಾರಣ ಹೆಸರು. ಆಧಾರ್‌ನಲ್ಲಿ 'ಮಂಜುಳಮ್ಮ', ಪಿಎಫ್‌ನಲ್ಲಿ 'ಮಂಜುಳಾ ಎನ್', ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಗಂಡನ ಹೆಸರು ಸೇರಿಸಿ 'ಮಂಜುಳಾ ನಾಗರಾಜ್'. ಮೂರೂ ಒಬ್ಬರೇ ಅಂತ ನಮಗೆ ಗೊತ್ತು. ಕಂಪ್ಯೂಟರಿಗೆ ಮೂರು ಜನ. ಹುಟ್ಟಿದ ತಾರೀಖೂ ಹಾಗೇ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಹಾಕಿದ ಜೂನ್ 1 ಒಂದು ಕಡೆ, ಆಧಾರ್ ಮಾಡಿಸುವಾಗ ಬರೀ ವರ್ಷ ಹೇಳಿದ್ದಕ್ಕೆ ಬಿದ್ದ ಜನವರಿ 1 ಇನ್ನೊಂದು ಕಡೆ. ಇದನ್ನು ತಿದ್ದಿಸಲು ಎಷ್ಟೋ ಸಲ ಕಂಪನಿಯವರ ಒಪ್ಪಿಗೆ ಬೇಕಾಗುತ್ತೆ. ಲಾಕ್‌ಡೌನ್‌ನಲ್ಲಿ ಕಂಪನಿ ಆಫೀಸಿಗೇ ಬೀಗ. ಕೆಲಸ ಇರುವಾಗ ಹೋಗಿ ತಿದ್ದಿಸಿದರೆ ಒಂದು ಮಧ್ಯಾಹ್ನದ ಕೆಲಸ. ಕೆಲಸ ಹೋದ ಮೇಲೆ ತಿಂಗಳುಗಟ್ಟಲೆ.

ಎರಡನೇ ತೊಡಕು ಎಕ್ಸಿಟ್ ಡೇಟ್. ನೀವು ಕೆಲಸ ಬಿಟ್ಟ ತಾರೀಖನ್ನು ಕಂಪನಿ ಹಾಕದಿದ್ದರೆ ಪೂರ್ತಿ ಹಣ ಬರುವುದಿಲ್ಲ. ಇದಕ್ಕೆ ದಾರಿ ಇದೆ. ಕೊನೆಯ ಪಿಎಫ್ ಬಿದ್ದು ಎರಡು ತಿಂಗಳಾದ ಮೇಲೆ ನೀವೇ ಪಿಎಫ್ ಪೋರ್ಟಲ್‌ನಲ್ಲಿ 'ಮ್ಯಾನೇಜ್' ಅನ್ನೋ ಕಡೆ ಹೋಗಿ 'ಮಾರ್ಕ್ ಎಕ್ಸಿಟ್' ಒತ್ತಿ ತಾರೀಖು ಹಾಕಬಹುದು. ಆಧಾರ್ ಜೋಡಿಸಿದ ಮೊಬೈಲಿಗೆ ಓಟಿಪಿ ಬರುತ್ತೆ, ಮುಗೀತು. ಆದರೆ ಒಮ್ಮೆ ಹಾಕಿದ ತಾರೀಖನ್ನು ನೀವು ಬದಲಾಯಿಸಲಾರಿರಿ. ನಿಮ್ಮ ಕೆಲಸ ಬರೀ ನಿಂತಿದ್ದರೆ ಆ ಬಟನ್ ಕಡೆ ಹೋಗಲೇಬೇಡಿ.

ಮೂರನೆಯದಕ್ಕೆ ನನಗೆ ನಿಜವಾಗಿ ಹೊಟ್ಟೆ ಉರಿಯುತ್ತೆ. ಪಿಎಫ್ ಜೊತೆಗೆ ಪಿಂಚಣಿ ಭಾಗವೂ ಇರುತ್ತೆ. ಹತ್ತು ವರ್ಷ ಸೇವೆ ಆದರೆ ವಯಸ್ಸಾದ ಮೇಲೆ ತಿಂಗಳಿಗೆ ಇಷ್ಟು ಅಂತ ಬರುತ್ತೆ. ಕೆಲಸ ಹೋದಾಗಲೆಲ್ಲ ಫಾರಂ 10ಸಿ ಹಾಕಿ ಆ ಹಣವನ್ನೂ ತೆಗೆದುಬಿಟ್ಟರೆ ಸೇವೆಯ ಲೆಕ್ಕ ಸೊನ್ನೆಗೆ ಬರುತ್ತೆ. ಏಳು ವರ್ಷ ಒಂದು ಕಡೆ, ನಾಲ್ಕು ವರ್ಷ ಇನ್ನೊಂದು ಕಡೆ ದುಡಿದ ಹೆಂಗಸರಿಗೆ ಪಿಂಚಣಿ ಇಲ್ಲದೆ ಹೋಗಿರುವುದು ಹೀಗೇ. ಫಾರಂ 10ಸಿಯಲ್ಲೇ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಬಹುದು. ಅದು ಇದ್ದರೆ ಹಳೇ ವರ್ಷಗಳು ಹೊಸ ಕೆಲಸಕ್ಕೆ ಸೇರಿಕೊಳ್ಳುತ್ತವೆ. ಸುಮ್ನೆ ಹಾಗೇ ಬಿಟ್ಟರೂ ಅದೇ ಯುಎಎನ್‌ನಲ್ಲಿ (ಕೆಲಸ ಬದಲಾದರೂ ಬದಲಾಗದ ನಿಮ್ಮ ಪಿಎಫ್ ನಂಬರ್) ಮುಂದುವರಿಯುತ್ತೆ.

ಹಣದ ಲೆಕ್ಕವನ್ನೂ ನೋಡಿ. 2020-21ರಲ್ಲಿ ಪಿಎಫ್ ಬಡ್ಡಿ ಶೇ. 8.5 ಇತ್ತು. ಶೇ. 8ರ ಲೆಕ್ಕದಲ್ಲೇ ಇಟ್ಟುಕೊಂಡರೂ, ಇವತ್ತು ತೆಗೆಯದೆ ಬಿಟ್ಟ 30,000 ರೂಪಾಯಿ 25 ವರ್ಷಕ್ಕೆ ಎರಡು ಲಕ್ಷ ದಾಟುತ್ತೆ. ಮನೆಯಲ್ಲಿ ಅಕ್ಕಿ ಇಲ್ಲದಿದ್ದರೆ ತೆಗೆಯಿರಿ, ಅದಕ್ಕೇ ಇರೋದು. ಬೈಕಿನ ಕಂತು ಕಟ್ಟಲು ಮಾತ್ರ ಬೇಡ.

ನಾಮಿನಿ ಹೆಸರನ್ನೂ ಒಮ್ಮೆ ನೋಡಿ. ಪಿಎಫ್ ಸದಸ್ಯರು ಕೆಲಸದಲ್ಲಿರುವಾಗಲೇ ತೀರಿಕೊಂಡರೆ ಮನೆಯವರಿಗೆ ವಿಮೆ ಹಣ ಬರುತ್ತೆ. 2021ರ ಏಪ್ರಿಲ್‌ನಲ್ಲಿ ಅದರ ಗರಿಷ್ಠ ಮಿತಿಯನ್ನು 7 ಲಕ್ಷಕ್ಕೆ ಏರಿಸಿದರು. ಎರಡನೇ ಅಲೆಯಲ್ಲಿ ಗಂಡನನ್ನು ಕಳೆದುಕೊಂಡು ಬಂದ ಎಳೇ ಹೆಂಗಸರ ಕಾಗದ ಬಿಚ್ಚಿದರೆ, ನಾಮಿನಿ ಜಾಗದಲ್ಲಿ ಮದುವೆಗೆ ಮೊದಲು ಬರೆಸಿದ್ದ ತಾಯಿಯ ಹೆಸರು.

ಇಎಸ್‌ಐ ಕಾರ್ಡ್ ಬಿಸಾಕಬೇಡಿ

ಕೆಲಸ ಹೋದ ದಿನವೇ ಇಎಸ್‌ಐ ಆಸ್ಪತ್ರೆ ಬಾಗಿಲು ಮುಚ್ಚುತ್ತೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಹಾಗಿಲ್ಲ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ನೀವು ಕಟ್ಟಿದ ವಂತಿಗೆಯ ಲಾಭ ಜುಲೈನಿಂದ ಡಿಸೆಂಬರ್‌ವರೆಗೆ ಸಿಗುತ್ತೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದರ ಲಾಭ ಮುಂದಿನ ಜನವರಿಯಿಂದ ಜೂನ್‌ವರೆಗೆ. ಆ ಆರು ತಿಂಗಳಲ್ಲಿ 78 ದಿನದ ವಂತಿಗೆ ಇರಬೇಕು. 2020ರ ಮಾರ್ಚ್‌ನಲ್ಲಿ ಕೆಲಸ ಹೋದವರಿಗೆ ಆ ವರ್ಷದ ಡಿಸೆಂಬರ್‌ವರೆಗೂ ಚಿಕಿತ್ಸೆಗೆ ಹಕ್ಕಿತ್ತು. ಎಷ್ಟು ಜನ ಉಪಯೋಗಿಸಿಕೊಂಡರೋ ದೇವರಿಗೇ ಗೊತ್ತು.

ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಅಂತ ಇಎಸ್‌ಐನಲ್ಲಿ ಒಂದು ನಿರುದ್ಯೋಗ ಭತ್ಯೆಯೂ ಇದೆ. 2018ರ ಜುಲೈಯಲ್ಲಿ ಶುರುವಾದಾಗ ಸರಾಸರಿ ವೇತನದ ಶೇ. 25 ಕೊಡುತ್ತಿದ್ದರು. ಕೊರೊನಾ ಕಾಲದಲ್ಲಿ ಅದನ್ನು ಶೇ. 50ಕ್ಕೆ ಏರಿಸಿ, 90 ದಿನದವರೆಗೆ ಕೊಟ್ಟರು. ಆಗ ಎರಡು ವರ್ಷ ವಿಮೆಯಲ್ಲಿರಬೇಕಿತ್ತು, ಇನ್ನೂ ಒಂದೆರಡು ಷರತ್ತು ಇತ್ತು. ಅರ್ಜಿ ಹಾಕುವ ಮೊದಲು ಈಗ ಜಾರಿಯಲ್ಲಿದೆಯಾ ಅಂತ ಇಎಸ್‌ಐ ಬ್ರಾಂಚ್ ಆಫೀಸಿನಲ್ಲಿ ಕೇಳಿ.

ಕಂತು, ಒಡವೆ

2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಸಾಲದ ಕಂತು ಕಟ್ಟಬೇಕಿಲ್ಲ ಅಂತ ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತ್ತು. ಜನ ಮಾಫಿ ಅಂತ ತಿಳಿದರು. ಬಡ್ಡಿ ಮಾತ್ರ ಓಡುತ್ತಲೇ ಇತ್ತು. ಮುಂದೆ ಇಂಥ ರಿಯಾಯಿತಿ ಬಂದರೆ 'ಬಡ್ಡಿ ನಿಲ್ಲುತ್ತಾ?' ಅಂತ ಒಂದೇ ಮಾತು ಕೇಳಿ. ಇಲ್ಲ ಅಂದರೆ ಕೈಲಾದಷ್ಟು ಕಟ್ಟಿ. ಒಡವೆ ಅಡ ಇಡುವುದಾದರೆ, ಸಿಗುವಷ್ಟೂ ಸಾಲ ತೆಗೆಯಬೇಡಿ. ಬಿಡಿಸಿಕೊಳ್ಳಲು ಆಗುವಷ್ಟೇ ತೆಗೆಯಿರಿ.

ನಡುವಿನ ಕೆಲಸಕ್ಕೆ ನಾಚಿಕೆ ಬೇಡ

ಲಾಕ್‌ಡೌನ್‌ನಲ್ಲೂ ಕೋಲಾರದ ಎಪಿಎಂಸಿ ಪೂರ್ತಿ ನಿಲ್ಲಲಿಲ್ಲ. ಟೊಮೆಟೊ ಬೆಲೆ ನೆಲ ಕಚ್ಚಿತ್ತು, ರೈತರು ಅತ್ತರು. ಆದರೂ ಬಾಕ್ಸ್ ಬರುತ್ತಿತ್ತು, ಲಾರಿ ಹೋಗುತ್ತಿತ್ತು. ಡಿಪ್ಲೊಮಾ ಮಾಡಿ ನಮ್ಮಲ್ಲಿ ಕ್ವಾಲಿಟಿ ನೋಡುತ್ತಿದ್ದ ಹುಡುಗ ಅಲ್ಲಿ ಮಂಡಿಯಲ್ಲಿ ಹದಿನೈದು ಕೆಜಿ ಬಾಕ್ಸಿನ ಲೆಕ್ಕ ಬರೆಯಲು ನಿಂತ. ಬೆಳಗಿನ ಜಾವ ಹೋದರೆ ಮಧ್ಯಾಹ್ನಕ್ಕೆ ಕೈಗೆ ದುಡ್ಡು. ಕಾಯಿ, ದೋರೆ, ಹಣ್ಣು ಅಂತ ಮೂರು ಬಗೆ ಕಣ್ಣಲ್ಲೇ ವಿಂಗಡಿಸುವುದನ್ನು ಕಲಿತ. ಅವನನ್ನು ವಾಪಸ್ ಕರೆದಾಗ ಸ್ಟೋರ್ಸ್ ಲೆಕ್ಕವೂ ಬರುತ್ತೆ ಅಂತ ಅವನ ಹೆಸರು ಮೇಲಕ್ಕೆ ಹೋಯಿತು.

ನರೇಗಾ ಕೂಲಿ ನಮ್ಮ ರಾಜ್ಯದಲ್ಲಿ ಆ ವರ್ಷ ದಿನಕ್ಕೆ 275 ರೂಪಾಯಿ. ಖಾಸಗಿ ಶಾಲೆಯ ಟೀಚರ್‌ಗಳೂ ಸನಿಕೆ ಹಿಡಿದರು. ಶಾಲೆಗಳು ಬಹಳ ದಿನ ತೆರೆಯಲಿಲ್ಲ, ಅವರಿಗೆ ಸಂಬಳವಿಲ್ಲ. ಹಸು ಇದ್ದವರ ಮನೆ ಡೇರಿಯ ಹಾಲಿನ ಬಿಲ್ಲಿನಲ್ಲಿ ನಡೆಯಿತು.

ಸರ್ಕಾರದ ಅಂಕಿ ನೋಡಿದರೂ ಇದೇ ಕಾಣುತ್ತೆ. ದೇಶದಲ್ಲಿ ಕೃಷಿಯಲ್ಲಿ ದುಡಿಯುವವರ ಪಾಲು 2018-19ರಲ್ಲಿ ಶೇ. 42.5 ಇದ್ದದ್ದು 2019-20ರಲ್ಲಿ ಶೇ. 45.6ಕ್ಕೆ ಏರಿತು. ಅಷ್ಟು ಜನಕ್ಕೆ ಹೊಲದಲ್ಲಿ ಹೊಸ ಕೆಲಸ ಹುಟ್ಟಿತು ಅಂತಲ್ಲ. ಇಬ್ಬರು ಮಾಡುವ ಕಳೆ ಕೆಲಸಕ್ಕೆ ನಾಲ್ಕು ಜನ ಇಳಿದರು. ಸಮೀಕ್ಷೆಯವರು ಕೇಳಿದರೆ ನಾಲ್ವರಿಗೂ ಉದ್ಯೋಗ ಇದೆ, ದುಡ್ಡು ಮಾತ್ರ ಇಬ್ಬರದೇ. ನಗರಗಳಲ್ಲಿ 2020ರ ಏಪ್ರಿಲ್-ಜೂನ್‌ನಲ್ಲಿ ನಿರುದ್ಯೋಗ ಶೇ. 21ರ ಹತ್ತಿರ ಹೋಗಿತ್ತು. ಹಳ್ಳಿ ಅವರನ್ನೆಲ್ಲ ಮಡಿಲಿಗೆ ಹಾಕಿಕೊಂಡಿತು. ಆದರೆ ಹೊಲ ಸೇರಿದವರು ಅಲ್ಲೇ ಮರೆತು ಕೂತರೆ ಕಾರ್ಖಾನೆ ಅವರನ್ನು ಹುಡುಕಿಕೊಂಡು ಬರುವುದಿಲ್ಲ. ನಡುವಿನ ಕೆಲಸ ಮಾಡುತ್ತಲೇ ಹಳೇ ಸೂಪರ್‌ವೈಸರ್‌ಗೆ ಆಗಾಗ ಒಂದು ಫೋನ್ ಹಾಕುತ್ತಿರಿ. ಬೇಡಿಕೊಳ್ಳಬೇಕಿಲ್ಲ. 'ಅಣ್ಣ, ಲೈನ್ ಯಾವಾಗ ಶುರು?' ಅಂದರೆ ಸಾಕು.

ಯಾರನ್ನು ಮೊದಲು ಕರೆಯುತ್ತಾರೆ

ಈಗ ಎರಡನೇ ಪಟ್ಟಿಗೆ ಬರೋಣ. ಕೆಲಸ ಹೋಗುವಾಗ ಎಲ್ಲರದ್ದೂ ಒಟ್ಟಿಗೇ ಹೋಗುತ್ತೆ. ಬರುವಾಗ ಸರದಿ ಪ್ರಕಾರ ಬರುತ್ತೆ. 2020ರಲ್ಲಿ ಮೊದಲು ಕಾರ್ಖಾನೆಗಳು ಕಡಿಮೆ ಜನರನ್ನು ಇಟ್ಟುಕೊಂಡು ಶುರುವಾದವು. ಬಿಹಾರ, ಒಡಿಶಾದವರು ಊರಿಗೆ ಹೋಗಿದ್ದರಿಂದ ಕಟ್ಟಡ ಕೆಲಸಕ್ಕೆ ನಮ್ಮವರಿಗೇ ಬೇಡಿಕೆ ಬಂತು. ಜೂನ್ 8ರಿಂದ ಹೋಟೆಲು, ಶಾಪಿಂಗ್ ಮಾಲು. ಸಿನಿಮಾ ಮಂದಿರ ಅಕ್ಟೋಬರ್ ಮಧ್ಯದಲ್ಲಿ. ಚಿಕ್ಕ ಮಕ್ಕಳ ಶಾಲೆ, ಒಂದರಿಂದ ಐದನೇ ಕ್ಲಾಸು, 2021ರ ಅಕ್ಟೋಬರ್ ಕೊನೆಗೆ. ಜನ ಗುಂಪು ಸೇರಿ ಕೂರಬೇಕಾದ ಕೆಲಸ ಕೊನೆಗೆ ಬರುತ್ತೆ ಅಂತ ಲೆಕ್ಕ ಹಾಕಿ. ಮದುವೆ ಛತ್ರದ ಅಡುಗೆ ಭಟ್ಟರು ಒಂದೂವರೆ ವರ್ಷ ಕಾಯುವುದಕ್ಕಿಂತ ಮೆಸ್ ಊಟ ಕಟ್ಟಿಕೊಡಲು ಶುರು ಮಾಡಿದ್ದು ಸರಿಯಾದ ಲೆಕ್ಕವೇ.

ಕಾರ್ಖಾನೆಯ ಒಳಗೂ ಸರದಿ ಇದೆ. ಬಿಡುವಾಗ ಮೊದಲು ಕ್ಯಾಶುವಲ್, ಆಮೇಲೆ ಕಾಂಟ್ರಾಕ್ಟ್, ಟ್ರೈನಿ, ಕೊನೆಗೆ ಖಾಯಂನವರು. ಕರೆಯುವಾಗ ಅದರ ಉಲ್ಟಾ ಇರುತ್ತೆ ಅಂತ ನಾನೂ ಅಂದುಕೊಂಡಿದ್ದೆ. ಬಂದ ಸೂಚನೆ ಬೇರೆ. ಒಂದಕ್ಕಿಂತ ಹೆಚ್ಚು ಮೆಷಿನ್ ಓಡಿಸುವವರು ಮೊದಲು. ಮೂವತ್ತು ಜನರ ಕೆಲಸ ಹತ್ತು ಜನರಿಂದ ಆಗಬೇಕಲ್ವಾ. ಸ್ವಂತ ಗಾಡಿಯಲ್ಲಿ ಬರುವವರು ಎರಡನೆಯವರು. ಕೆಎಸ್‌ಆರ್‌ಟಿಸಿ ಬಸ್ಸು 2020ರ ಮೇ 19ಕ್ಕೆ ಶುರುವಾದರೂ ನಾವು ದಿನಾ ಓಡಾಡುವ ಪ್ಯಾಸೆಂಜರ್ ರೈಲು ಎಷ್ಟೋ ತಿಂಗಳು ಬರಲಿಲ್ಲ. 2021ರಲ್ಲಂತೂ ಏಪ್ರಿಲ್ 7ರಿಂದ ಸಾರಿಗೆ ನೌಕರರ ಮುಷ್ಕರ, ಅದು ಮುಗಿದು ವಾರ ಆಗುವಷ್ಟರಲ್ಲಿ ಕರ್ಫ್ಯೂ, ಮತ್ತೆ ಬಸ್ಸಿಲ್ಲ. ಗೇಟು ತೆರೆದಿತ್ತು, ಬರುವ ದಾರಿ ಇರಲಿಲ್ಲ. ಮೂರನೆಯವರು ಒಂದೇ ರಿಂಗಿಗೆ ಫೋನ್ ಎತ್ತಿದವರು. ಇದು ತಮಾಷೆ ಅಲ್ಲ. ಸಂಜೆ ಐದಕ್ಕೆ ಆರ್ಡರ್ ಬರುತ್ತೆ, ನಾಳೆ ಬೆಳಗ್ಗೆ ಆರಕ್ಕೆ ಜನ ಬೇಕು. ಎರಡು ಸಲ ಮಾಡಿ ಸ್ವಿಚ್ ಆಫ್ ಬಂದರೆ ಮುಂದಿನ ಹೆಸರು.

ಆದ್ದರಿಂದ ಕೆಲಸ ಇರುವಾಗಲೇ ಪಕ್ಕದ ಮೆಷಿನ್ ಕಲಿಯಿರಿ. ನಿಮ್ಮ ದಾರಿಯಲ್ಲಿ ಬರುವ ನಾಲ್ಕು ಜನ ಸೇರಿ ಯಾರದಾದರೂ ಓಮ್ನಿ ಗೊತ್ತು ಮಾಡಿಟ್ಟುಕೊಳ್ಳಿ.

ಹೆಣ್ಣುಮಕ್ಕಳಿಗೆ ಬೇರೆ ಮಾತು

ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರಲ್ಲಿ ಒಂದು ವರದಿ ತಂದರು. ಲಾಕ್‌ಡೌನ್‌ನಲ್ಲಿ ಕೆಲಸ ಕಳೆದುಕೊಂಡು 2020ರ ಕೊನೆಯವರೆಗೂ ವಾಪಸ್ ಹೋಗದವರು ಗಂಡಸರಲ್ಲಿ ಶೇ. 7, ಹೆಂಗಸರಲ್ಲಿ ಶೇ. 47. ಓದಿದಾಗ ನನಗೇನೂ ಆಶ್ಚರ್ಯ ಆಗಲಿಲ್ಲ. ನಾನು ಫೋನ್ ಮಾಡಿದಾಗ ಹುಡುಗಿಯರು 'ಮಗುಗೆ ಸ್ಕೂಲ್ ಇಲ್ಲ ಅಕ್ಕ' ಅನ್ನುತ್ತಿದ್ದರು. 'ಅತ್ತೆ ಬೇಡ ಅಂತಾರೆ' ಅನ್ನುತ್ತಿದ್ದರು. ಸ್ಕೂಲ್ ತೆರೆಯುವ ಹೊತ್ತಿಗೆ ಅವರ ಮೆಷಿನ್ ಮುಂದೆ ಹದಿನೆಂಟರ ಹುಡುಗಿಯರು ಕೂತಿದ್ದರು.

ನನ್ನ ಸಲಹೆ ಇಷ್ಟು. ಆಗುವುದಿಲ್ಲ ಅಂತ ಪೂರ್ತಿ ಹೇಳಬೇಡಿ. 'ಇನ್ನು ಎರಡು ತಿಂಗಳು ಸಂಬಳ ಇಲ್ಲದ ರಜೆ ಕೊಡಿ' ಅಂತ ಬರೆದುಕೊಟ್ಟು, ಒಂದು ನಕಲಿಗೆ ಸೀಲ್ ಹಾಕಿಸಿಕೊಳ್ಳಿ. ಒಂದು ಶಿಫ್ಟಾದರೂ ಬನ್ನಿ. ಒಂದೇ ಬೀದಿಯ ಇಬ್ಬರು ಬೇರೆ ಬೇರೆ ಶಿಫ್ಟ್ ಕೇಳಿ ಪಡೆದು, ಒಬ್ಬರ ಮಕ್ಕಳನ್ನು ಇನ್ನೊಬ್ಬರು ನೋಡಿಕೊಂಡದ್ದು ನಮ್ಮಲ್ಲೇ ನಡೆಯಿತು. 50 ಜನ ಇರುವ ಕಡೆ ಮಕ್ಕಳನ್ನು ಬಿಡುವ ಜಾಗ ಇರಬೇಕು ಅನ್ನುತ್ತೆ ಕಾನೂನು. ಎಷ್ಟೋ ಕಡೆ ಬೋರ್ಡ್ ಮಾತ್ರ ಇದೆ, ಒಳಗೆ ಹಳೇ ರಟ್ಟಿನ ಬಾಕ್ಸ್ ತುಂಬಿರುತ್ತಾರೆ. ಕೇಳುವವರು ಗುಂಪಾಗಿ ಕೇಳಿದರೆ ಬಾಕ್ಸ್ ಆಚೆ ಬರುತ್ತೆ.

ವಾಪಸ್ ಹೋಗುವ ದಿನ

ಬಯೋಡೇಟಾದಲ್ಲಿ ಖಾಲಿ ಬಿದ್ದ ತಿಂಗಳುಗಳನ್ನು ಮುಚ್ಚಿಡಬೇಡಿ. '2020 ಏಪ್ರಿಲ್‌ನಿಂದ ಅಕ್ಟೋಬರ್, ಲಾಕ್‌ಡೌನ್, ಮಂಡಿಯಲ್ಲಿ ಲೆಕ್ಕ' ಅಂತ ಇದ್ದದ್ದನ್ನೇ ಬರೆಯಿರಿ. ಇಂಟರ್‌ವ್ಯೂ ಮಾಡುವವರದ್ದೂ ಅದೇ ಕಥೆ ಇರುತ್ತೆ.

ಸಂಬಳ ಸ್ವಲ್ಪ ಕಡಿಮೆ ಅಂದರೆ ಒಪ್ಪಿಕೊಳ್ಳಬಹುದು, ಕನಿಷ್ಠ ವೇತನಕ್ಕಿಂತ ಕಡಿಮೆ ಬೇಡ. ಆದರೆ ಸೇರುವ ದಿನ ಎರಡು ವಿಷಯ ಗಟ್ಟಿ ಮಾಡಿಕೊಳ್ಳಿ. ಒಂದು, ಹಳೇ ಯುಎಎನ್ ನಂಬರನ್ನೇ ಕೊಡಿ, 'ಹೊಸದು ಮಾಡ್ತೀವಿ ಬಿಡಿ' ಅಂದರೆ ಬೇಡ ಅನ್ನಿ. ಎರಡು, ನಿಮ್ಮ ಮಾಲೀಕರು ಯಾರು ಅಂತ ಕೇಳಿ. ಕಂಪನಿಯೋ, ಮ್ಯಾನ್‌ಪವರ್ ಏಜೆನ್ಸಿಯೋ? ಮೊದಲು ರೋಲ್‌ನಲ್ಲಿದ್ದವರನ್ನೇ ಆಮೇಲೆ ಏಜೆನ್ಸಿ ಮೂಲಕ ತೆಗೆದುಕೊಂಡದ್ದು ಎಷ್ಟೋ ಕಡೆ ಆಯಿತು. ಅದೇ ಗೇಟು, ಅದೇ ಮೆಷಿನ್, ಆದರೆ ಹಳೇ ಸೇವೆ ಲೆಕ್ಕಕ್ಕಿಲ್ಲ.

ಕೆಲಸ ಜೋರಾಗಿ ವಾಪಸ್ ಬಂದಾಗಲೂ ಜೋಪಾನ. ನರಸಾಪುರದ ಮೊಬೈಲ್ ಫೋನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ಗಲಾಟೆ ಆದದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಕಡಿಮೆ ದಿನದಲ್ಲಿ ಸಾವಿರಾರು ಜನರನ್ನು ಏಜೆನ್ಸಿಗಳ ಮೂಲಕ ತುಂಬಿಕೊಂಡಿದ್ದರು, ಕೆಲವರಿಗೆ ಸಂಬಳ ತಡವಾಗಿತ್ತು. ಹಾಜರಿ ಮತ್ತು ಸಂಬಳದ ಲೆಕ್ಕ ಸರಿ ಇರಲಿಲ್ಲ ಅಂತ ಆಮೇಲೆ ತನಿಖೆಯಲ್ಲಿ ಬಂತು. ಕಲ್ಲು ಹೊಡೆದದ್ದು ಸರಿ ಅಂತ ನಾನು ಹೇಳುವುದಿಲ್ಲ. ಟೈಮ್ ಆಫೀಸಿನಲ್ಲಿ ಕೂತವಳಾಗಿ ಒಂದು ಮಾತು ಗೊತ್ತು: ಮಷಿನ್‌ನಲ್ಲಿ ಪಂಚ್ ಬೀಳದ ಒಂದು ಓಟಿಯನ್ನು ತಿಂಗಳ ಕೊನೆಗೆ ಸಾಬೀತು ಮಾಡುವುದು ಬಹಳ ಕಷ್ಟ. ಹತ್ತು ರೂಪಾಯಿಯ ಪಾಕೆಟ್ ನೋಟ್‌ಬುಕ್ ಇಟ್ಟುಕೊಳ್ಳಿ. ತಾರೀಖು, ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು, ಆ ದಿನದ ಸೂಪರ್‌ವೈಸರ್ ಹೆಸರು. ಸಂಬಳದ ತಕರಾರು ಬಂದರೆ ಅದನ್ನು ಹಿಡಿದುಕೊಂಡು ಕಾರ್ಮಿಕ ಇಲಾಖೆಗೆ ಹೋಗಿ. ಬರೆದಿಟ್ಟ ಪುಸ್ತಕ ಇದ್ದವರ ಜೊತೆ ನಾವು ಆಫೀಸಿನವರು ಜಾಸ್ತಿ ವಾದ ಮಾಡುವುದಿಲ್ಲ.

ಕೆಲಸ ಇಲ್ಲದಾಗ ಬರುವ ಇನ್ನೊಂದು ಪಿಡುಗು ಮೆಸೇಜ್. 'ಮನೆಯಲ್ಲೇ ಟೈಪಿಂಗ್, ತಿಂಗಳಿಗೆ ಇಪ್ಪತ್ತೈದು ಸಾವಿರ, ರಿಜಿಸ್ಟ್ರೇಷನ್ ಫೀಸು ಮಾತ್ರ ಕಟ್ಟಿ.' ಕೆಲಸ ಕೊಡುವವರು ನಿಮಗೆ ದುಡ್ಡು ಕೊಡಬೇಕು, ನೀವು ಅವರಿಗಲ್ಲ. ಕಟ್ಟಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಫೋನ್ ಅಂದಾಗ ನೆನಪಾಯಿತು. ಲಾಕ್‌ಡೌನ್‌ನಲ್ಲಿ ರೀಚಾರ್ಜ್ ಮಾಡಿಸದೆ ಎಷ್ಟೋ ಜನರ ಸಿಮ್ ಸತ್ತುಹೋಯಿತು. ಪಿಎಫ್ ಓಟಿಪಿ ಆ ನಂಬರಿಗೇ ಬರಬೇಕು, ಕಾರ್ಖಾನೆಯ ಕರೆಯೂ ಆ ನಂಬರಿಗೇ. ದುಡ್ಡಿಲ್ಲದ ತಿಂಗಳಲ್ಲಿ ಎರಡನೇ ಸಿಮ್ ಬಿಡಿ, ಆಧಾರ್‌ಗೆ ಜೋಡಿಸಿದ್ದನ್ನು ಕಡಿಮೆ ಪ್ಲಾನ್‌ನಲ್ಲಾದರೂ ಉಳಿಸಿಕೊಳ್ಳಿ. ನಂಬರ್ ಬದಲಾಗಿದ್ದರೆ ಆಧಾರ್ ಕೇಂದ್ರಕ್ಕೆ ಹೋಗಿ ಮೊದಲು ಅದನ್ನು ಸರಿ ಮಾಡಿಸಿ, ಆಮೇಲೆ ನನ್ನ ಹತ್ತಿರ ಬನ್ನಿ. ಅದಿಲ್ಲದೆ ಬಂದರೆ ನಾನೂ ಏನೂ ಮಾಡಲಾರೆ.